ತಂಡ ಪಳಗಲು ಬೇಕಾದ ಕಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು

ಮಾನ್ಯ ಸಂಪಾದಕರೇ,

2023ರಲ್ಲಿ ನಮ್ಮ ರಾಜ್ಯದ ಮಟ್ಟಿಗೆ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಗಿ, ವಾರಕ್ಕೆ 48 ಗಂಟೆಗಳ ಮಿತಿಯನ್ನು ಉಳಿಸಿಕೊಂಡೇ ದಿನದ ದುಡಿಮೆಯನ್ನು 12 ಗಂಟೆಗಳವರೆಗೆ ಹಿಗ್ಗಿಸಲು ಅವಕಾಶ ದೊರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂಬ ಮಾತು ದೇಶದಾದ್ಯಂತ ಚರ್ಚೆಯಾಯಿತು. ಅಂದಿನಿಂದ ಉತ್ಪಾದಕತೆಯ ವಿಷಯ ಬಂದಾಗಲೆಲ್ಲ ಮಾತು ಗಂಟೆಗಳ ಸುತ್ತಲೇ ತಿರುಗುತ್ತಿದೆ. ಎಷ್ಟು ಹೊತ್ತು ದುಡಿಯಬೇಕು ಎಂಬುದು ಮುಖ್ಯವಾದ ಪ್ರಶ್ನೆಯೇ ಆದರೂ, ಯಾರ ಜೊತೆಗೆ, ಎಷ್ಟು ಕಾಲದಿಂದ ಕೂಡಿ ದುಡಿಯುತ್ತಿದ್ದಾರೆ ಎಂಬ ಇನ್ನೊಂದು ಪ್ರಶ್ನೆಯನ್ನು ಯಾರೂ ಎತ್ತುತ್ತಿಲ್ಲ. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಮೊದಲು ಲೈನ್ ಸೂಪರ್‌ವೈಸರ್ ಆಗಿ, ಆಮೇಲೆ ಫ್ಲೋರ್ ಇನ್‌ಚಾರ್ಜ್ ಆಗಿ, ಕೊನೆಗೆ ಪ್ರೊಡಕ್ಷನ್ ಮ್ಯಾನೇಜರ್ ಆಗಿ ದುಡಿದು ನಿವೃತ್ತನಾದ ನನಗೆ ಈ ಎರಡನೆಯ ಪ್ರಶ್ನೆಯ ತೂಕ ಮೊದಲನೆಯದಕ್ಕಿಂತ ಕಡಿಮೆಯಲ್ಲ ಎಂಬುದು ಖಚಿತವಾಗಿದೆ. ಈ ಬಗ್ಗೆ ತಮ್ಮ ಪತ್ರಿಕೆಯ ಓದುಗರ, ಅದರಲ್ಲೂ ಕಾರ್ಖಾನೆ ಮತ್ತು ಕಚೇರಿಗಳನ್ನು ನಡೆಸುವವರ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗುತ್ತದೆ. ವಿಷಯವನ್ನು ಮೊಟಕುಗೊಳಿಸಿದರೆ ಅರ್ಥವಾಗದೆ ಹೋದೀತೆಂಬ ಕಾರಣಕ್ಕೆ ತಾವು ಸಹಿಸಿಕೊಳ್ಳಬೇಕೆಂದು ಕೋರುತ್ತೇನೆ.

ಗಾರ್ಮೆಂಟ್ಸ್ ಒಳಗೆ ಕಾಲಿಡದ ಓದುಗರಿಗಾಗಿ ಮೊದಲು ಒಂದು ಬ್ಯಾಚ್ ಎಂದರೆ ಏನೆಂದು ಹೇಳಬೇಕು. ಕೆಲವು ಕಡೆ ಲೈನ್ ಎನ್ನುವುದನ್ನೇ ನಮ್ಮಲ್ಲಿ ಬ್ಯಾಚ್ ಎನ್ನುತ್ತಾರೆ. ಪೂರ್ಣತೋಳಿನ ಒಂದು ಶರ್ಟನ್ನು ಒಬ್ಬರೇ ಹೊಲಿಯುವುದಿಲ್ಲ. ಹತ್ತಾರು ಬೇರೆ ಬೇರೆ ಆಪರೇಷನ್‌ಗಳಾಗಿ ಆ ಕೆಲಸವನ್ನು ಹಂಚಲಾಗಿರುತ್ತದೆ. ಕಾಲರ್, ಕಫ್, ಫ್ರಂಟ್, ಬ್ಯಾಕ್ ಇವೆಲ್ಲ ತಮ್ಮ ತಮ್ಮ ಸೆಕ್ಷನ್‌ಗಳಲ್ಲಿ ಸಿದ್ಧವಾಗಿ ಅಸೆಂಬ್ಲಿಗೆ ಬರುತ್ತವೆ. ಅಲ್ಲಿ ಶೋಲ್ಡರ್ ಜಾಯಿನ್, ಕಾಲರ್ ಅಟ್ಯಾಚ್, ಸ್ಲೀವ್ ಅಟ್ಯಾಚ್, ಸೈಡ್ ಸೀಮ್, ಕಫ್ ಅಟ್ಯಾಚ್, ಬಾಟಮ್ ಹೆಮ್ ಎಂದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂಡಲ್ ಸಾಗುತ್ತದೆ. ಟೈಲರ್‌ಗಳ ನಡುವೆ ಹೆಲ್ಪರ್‌ಗಳು, ಕೊನೆಯಲ್ಲಿ ಚೆಕ್ಕರ್‌ಗಳು, ಎಲ್ಲರ ಮೇಲೆ ಒಬ್ಬ ಸೂಪರ್‌ವೈಸರ್ ಇರುತ್ತಾರೆ. ಪ್ರತಿ ಆಪರೇಷನ್‌ಗೂ ಇಷ್ಟು ನಿಮಿಷ ಸಾಕೆಂದು ಐ.ಇ. (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗದವರು ಸ್ಯಾಮ್ (ಕೆಲಸಕ್ಕೆ ಗೊತ್ತುಮಾಡಿದ ನಿಮಿಷಗಳ ಲೆಕ್ಕ) ನಿಗದಿ ಮಾಡಿರುತ್ತಾರೆ. ಆ ಲೆಕ್ಕದ ಮೇಲೆ ಬ್ಯಾಚಿನ ಟಾರ್ಗೆಟ್ ಗೊತ್ತಾಗಿ, ಗಂಟೆಗೊಮ್ಮೆ ಬೋರ್ಡಿನ ಮೇಲೆ ಎಷ್ಟು ಪೀಸ್ ಬಂತು, ಎಷ್ಟು ಆಲ್ಟರೇಷನ್‌ಗೆ (ತಪ್ಪು ತಿದ್ದಲು) ಹಿಂದಿರುಗಿತು ಎಂದು ಬರೆಯಲಾಗುತ್ತದೆ. ಒಂದು ತಂಡದ ಕೆಲಸ ಕಾಲ ಕಳೆದಂತೆ ಹೇಗೆ ಬದಲಾಗುತ್ತದೆ ಎಂಬುದನ್ನು ಇಷ್ಟು ನಿಚ್ಚಳವಾಗಿ ಗಂಟೆ ಗಂಟೆಗೂ ತೋರಿಸುವ ಬೇರೆ ಕೆಲಸದ ಜಾಗ ಇರುವುದು ಅಪರೂಪ.

ಹೊಸ ಸ್ಟೈಲ್ (ಹೊಸ ಮಾದರಿಯ ಉಡುಪು) ಬ್ಯಾಚಿಗೆ ಲೋಡ್ ಆದ ದಿನ ಆ ಬೋರ್ಡನ್ನು ನೋಡಬೇಕು. ಮೊದಲ ದಿನ ಟಾರ್ಗೆಟ್‌ನ ಕಾಲು ಭಾಗವೂ ಬಾರದಿರುವುದು ಸಾಮಾನ್ಯ. ಎರಡನೆಯ ದಿನ ಸ್ವಲ್ಪ ಮೇಲೇರುತ್ತದೆ. ವಾರ ಕಳೆಯುವಷ್ಟರಲ್ಲಿ ಕೈ ಹಿಡಿತಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಏರಿಕೆ ನಿಧಾನವಾಗಿ, ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಈ ಏರಿಕೆಯನ್ನು ಮೊದಲು ಲೆಕ್ಕಕ್ಕೆ ಇಳಿಸಿದವರು ಅಮೆರಿಕದ ವಿಮಾನ ಎಂಜಿನಿಯರ್ ಟಿ.ಪಿ. ರೈಟ್. ಒಟ್ಟು ತಯಾರಾದ ವಿಮಾನಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಒಂದು ವಿಮಾನಕ್ಕೆ ಬೇಕಾಗುವ ದುಡಿಮೆ ಸುಮಾರು ಶೇ 20ರಷ್ಟು ಇಳಿಯುತ್ತದೆ ಎಂದು ಅವರು 1936ರಲ್ಲೇ ತೋರಿಸಿದ್ದರು. ನಮ್ಮ ಐ.ಇ. ವಿಭಾಗದವರು ಇಂದಿಗೂ ಟಾರ್ಗೆಟ್ ಹಾಕುವಾಗ ಇದೇ ತತ್ವವನ್ನು ಬಳಸುತ್ತಾರೆ. ಮೊದಲ ದಿನಕ್ಕೆ ಕಡಿಮೆ, ಆಮೇಲೆ ಹಂತ ಹಂತವಾಗಿ ಹೆಚ್ಚು. ಆದರೆ ಅವರ ಲೆಕ್ಕ ಸ್ಟೈಲ್‌ಗೆ ಮಾತ್ರ ಅನ್ವಯಿಸುತ್ತದೆ. ಸ್ಟೈಲ್ ಹೊಸದಾದರೆ ಕಾಲಾವಕಾಶ ಕೊಡುತ್ತಾರೆ; ಜನ ಹೊಸಬರಾದರೆ, ಅಂದರೆ ಒಬ್ಬರಿಗೊಬ್ಬರು ಹೊಸಬರಾದರೆ, ಕಾಲಾವಕಾಶ ಕೊಡುವ ಪದ್ಧತಿ ನಾನು ದುಡಿದ ಯಾವ ಕಾರ್ಖಾನೆಯಲ್ಲೂ ಇರಲಿಲ್ಲ. ನುರಿತ ಟೈಲರ್ ಎಲ್ಲಿ ಕೂತರೂ ನುರಿತ ಟೈಲರೇ ಎಂದು ಎಲ್ಲರೂ ನಂಬಿದ್ದರು.

ಈ ನಂಬಿಕೆ ಎಲ್ಲಿ ಎಡವುತ್ತದೆ ಎಂಬುದಕ್ಕೆ ಕಾಲರ್ ಅಟ್ಯಾಚ್ ಮಾಡುವ ಜಾಗವನ್ನೇ ನೋಡೋಣ. ಬ್ಯಾಚಿನಲ್ಲಿ ಅತಿ ಕಷ್ಟದ ಆಪರೇಷನ್‌ಗಳಲ್ಲಿ ಅದೂ ಒಂದು. ಶೋಲ್ಡರ್ ಜಾಯಿನ್ ಮಾಡುವವರು ಹೊಲಿಗೆಯನ್ನು ಒಂದು ನೂಲಿನಷ್ಟು ಒಳಗೆ ತೆಗೆದುಕೊಂಡರೂ ಕುತ್ತಿಗೆಯ ಸುತ್ತಳತೆ ಕಿರಿದಾಗಿ, ಕಾಲರ್ ಅದಕ್ಕಿಂತ ಉದ್ದವಾಗಿ ಉಳಿಯುತ್ತದೆ. ಆಗ ಕಾಲರ್ ಕೂರಿಸುವವಳು ಬಟ್ಟೆಯನ್ನು ಬೆರಳಿನಿಂದ ತುಸು ಸಡಿಲಿಸಿ, ಎಲ್ಲೂ ಸುಕ್ಕು ಬೀಳದಂತೆ, ನಾಚ್‌ಗೆ ನಾಚ್ (ಅಂಚಿನ ಗುರುತಿನ ಕಚ್ಚು) ಕೂಡಿಸಿ ಹೊಲಿಯಬೇಕು. ತಿಂಗಳುಗಟ್ಟಲೆ ಒಬ್ಬಳೇ ಶೋಲ್ಡರ್ ಹೊಲಿದು ಕೊಡುತ್ತಿದ್ದರೆ ಅವಳ ಕೈಯ ಒಲವು ಕಾಲರ್‌ನವಳಿಗೆ ಗೊತ್ತಿರುತ್ತದೆ. ಪ್ರತಿ ಪೀಸನ್ನೂ ಎತ್ತಿ ನೋಡದೆಯೇ ಎಲ್ಲಿ ಸಡಿಲಿಸಬೇಕು ಎಂಬುದು ಬೆರಳಿಗೇ ತಿಳಿದಿರುತ್ತದೆ. ಶೋಲ್ಡರ್‌ನವಳಿಗೂ ಅಷ್ಟೇ, ಯಾವ ಪೀಸು ಮುಂದೆ ತೊಂದರೆ ಕೊಡುತ್ತದೆಂದು ಗೊತ್ತಾಗಿ ಅದನ್ನು ತಾನೇ ಬದಿಗಿಟ್ಟು ಸರಿಪಡಿಸುತ್ತಾಳೆ. ಇಬ್ಬರ ನಡುವೆ ಕೂತ ಹೆಲ್ಪರ್ ಬಂಡಲನ್ನು ಬಟ್ಟೆಯ ಹೊರಮೈ ಮೇಲೆ ಬರುವಂತೆ ಜೋಡಿಸಿಟ್ಟರೆ ಪ್ರತಿ ಪೀಸಿಗೂ ಒಂದು ಸಲ ತಿರುಗಿಸುವ ಕೆಲಸ ತಪ್ಪುತ್ತದೆ. ಇವು ಯಾವ ಸ್ಯಾಮ್ ಚಾರ್ಟಿನಲ್ಲೂ ಬರೆದಿಲ್ಲ. ಯಾರೂ ಯಾರಿಗೂ ಕಲಿಸಿಲ್ಲ. ಒಂದು ದಿನ ಶೋಲ್ಡರ್‌ನವಳು ರಜೆ ಹಾಕಿ ಬೇರೆ ಬ್ಯಾಚಿನಿಂದ ಇನ್ನೊಬ್ಬಳನ್ನು ತಂದು ಕೂರಿಸಿದಾಗ, ಅವಳೂ ಒಳ್ಳೆಯ ಟೈಲರೇ ಆಗಿದ್ದರೂ, ಕಾಲರ್‌ನಲ್ಲಿ ಪೀಸು ಗುಡ್ಡೆ ಬೀಳತೊಡಗುತ್ತದೆ. ಯಾಕೆ ನಿಧಾನ ಎಂದು ನಾನು ಕೇಳಿದಾಗ ಮದ್ದೂರು ಕಡೆಯ ಹಿರಿಯ ಟೈಲರ್ ಒಬ್ಬರು ಹೇಳಿದ್ದರು: ‘ಸರ್, ಮಷಿನ್ನೂ ಅದೇ, ಕಾಲರೂ ಅದೇ, ಆದ್ರೆ ಶೋಲ್ಡ್ರು ಬೇರೆಯೋರು ಹೊಡೀತಾವ್ರೆ, ಕೈ ಕೂರ್ತಾ ಇಲ್ಲ.’ ಅವರ ಗ್ರೇಡ್, ಅವರ ಅನುಭವ, ಅವರ ಮಷಿನ್ ಯಾವುದೂ ಆ ದಿನ ಬದಲಾಗಿರಲಿಲ್ಲ.

ಆ ಟೈಲರ್ ಹೇಳಿದ್ದನ್ನೇ ಬೇರೆ ಬೇರೆ ಕಸುಬುಗಳಲ್ಲಿ ಸಂಶೋಧಕರು ಅಂಕಿ ಅಂಶಗಳೊಡನೆ ಕಂಡುಕೊಂಡಿದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 43 ಆಸ್ಪತ್ರೆಗಳಲ್ಲಿ 203 ಹೃದಯ ಶಸ್ತ್ರಚಿಕಿತ್ಸಕರು 1994 ಮತ್ತು 1995ರಲ್ಲಿ ನಡೆಸಿದ ಶಸ್ತ್ರಚಿಕಿತ್ಸೆಗಳನ್ನು ರಾಬರ್ಟ್ ಹಕ್‌ಮನ್ ಮತ್ತು ಗ್ಯಾರಿ ಪಿಸಾನೊ ಎಂಬ ಸಂಶೋಧಕರು ಪರಿಶೀಲಿಸಿದರು. ಅಲ್ಲಿ ಒಬ್ಬನೇ ವೈದ್ಯ ಒಂದಕ್ಕಿಂತ ಹೆಚ್ಚು ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ನಡೆಸುವುದುಂಟು. ಒಂದು ಆಸ್ಪತ್ರೆಯಲ್ಲಿ ವೈದ್ಯನ ಅನುಭವ ಹೆಚ್ಚಿದಂತೆ ಆ ಆಸ್ಪತ್ರೆಯ ಅವನ ರೋಗಿಗಳ ಸಾವಿನ ಪ್ರಮಾಣ ತಗ್ಗಿತು. ಆದರೆ ಅದೇ ಅನುಭವದ ಲಾಭ ಇನ್ನೊಂದು ಆಸ್ಪತ್ರೆಗೆ ಅವನ ಜೊತೆ ಹೋಗಲಿಲ್ಲ. ಕೈ ಒಂದೇ, ವಿದ್ಯೆ ಒಂದೇ. ಬದಲಾಗಿದ್ದದ್ದು ಅವನ ಸುತ್ತ ನಿಂತ ಅರಿವಳಿಕೆ ವೈದ್ಯರು, ದಾದಿಯರು, ತಂತ್ರಜ್ಞರು ಮತ್ತು ಆ ಜಾಗದ ರೂಢಿಗಳು.

ನಮ್ಮ ಬೆಂಗಳೂರಿಗೇ ಸಂಬಂಧಿಸಿದ ಇನ್ನೊಂದು ಅಧ್ಯಯನವಿದೆ. ಅದೇ ಹಕ್‌ಮನ್, ಬ್ರ್ಯಾಡ್ಲಿ ಸ್ಟಾಟ್ಸ್ ಮತ್ತು ಡೇವಿಡ್ ಅಪ್ಟನ್ ಅವರು ವಿಪ್ರೋ ಕಂಪನಿಯ ಸಾಫ್ಟ್‌ವೇರ್ ತಂಡಗಳ ದಾಖಲೆಗಳನ್ನು ಹಿಡಿದು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂಡದ ಸದಸ್ಯರು ಹಿಂದೆ ಒಬ್ಬರ ಜೊತೆಗೊಬ್ಬರು ಎಷ್ಟು ಕೆಲಸ ಮಾಡಿದ್ದರು ಎಂಬುದನ್ನು ಅಳೆದು ನೋಡಿದರು. ಆ ಪರಿಚಯ ಶೇ 50ರಷ್ಟು ಹೆಚ್ಚಿದ ಕಡೆ ಸಾಫ್ಟ್‌ವೇರ್‌ನಲ್ಲಿ ಉಳಿಯುವ ದೋಷಗಳು ಶೇ 19ರಷ್ಟು, ನಿಗದಿತ ಬಜೆಟ್‌ನಿಂದ ಆಚೀಚೆ ಹೋಗುವುದು ಶೇ 30ರಷ್ಟು ಕಡಿಮೆ ಇದ್ದುವೆಂದು ಅವರಲ್ಲಿ ಇಬ್ಬರು ಮುಂದೆ ಬರೆದಿದ್ದಾರೆ. ಹೊಲಿಗೆ ಮಷಿನ್ ಮುಂದೆ ಕೂತವರಿಗೂ ಕಂಪ್ಯೂಟರ್ ಮುಂದೆ ಕೂತವರಿಗೂ ಸಂಬಳದಲ್ಲಿ ಅಜಗಜಾಂತರ ಇದ್ದರೂ ಈ ಒಂದು ವಿಷಯದಲ್ಲಿ ಇಬ್ಬರ ಕೆಲಸವೂ ಒಂದೇ ರೀತಿ ನಡೆಯುತ್ತದೆ. ವಿಮಾನಯಾನದ ಉದಾಹರಣೆ ಇನ್ನೂ ಕಟುವಾದುದು. 1978ರಿಂದ 1990ರವರೆಗೆ ಅಮೆರಿಕದ ವಿಮಾನ ಸಂಸ್ಥೆಗಳಲ್ಲಿ ಚಾಲಕ ಸಿಬ್ಬಂದಿಯ ಪಾಲಿದ್ದ 37 ದೊಡ್ಡ ಅಪಘಾತಗಳನ್ನು ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಪರಿಶೀಲಿಸಿತು. ಮಾಹಿತಿ ಲಭ್ಯವಿದ್ದ ಪ್ರಕರಣಗಳಲ್ಲಿ ಶೇ 73ರಷ್ಟು ಅಪಘಾತಗಳು ಆ ಸಿಬ್ಬಂದಿ ಒಟ್ಟಿಗೆ ಹಾರಿದ ಮೊದಲ ದಿನವೇ ಸಂಭವಿಸಿದ್ದವು. ಕಲಿತವರು, ಪರವಾನಗಿ ಪಡೆದವರು, ಸಾವಿರಾರು ಗಂಟೆ ಹಾರಿದವರು ಕೂಡ ಒಬ್ಬರಿಗೊಬ್ಬರು ಹೊಸಬರಾಗಿದ್ದಾಗ ಅಷ್ಟರ ಮಟ್ಟಿಗೆ ಅಪಾಯ ಹೆಚ್ಚಿತ್ತು.

ಇಷ್ಟಾದರೂ ಕೂಡಿ ಬಂದ ತಂಡವನ್ನು ಒಡೆಯುವುದೇ ನಮ್ಮ ಆಡಳಿತದ ಮೊದಲ ಮದ್ದಾಗಿರುವುದು ನನಗೆ ನೋವು ತರುವ ಸಂಗತಿ. ನಾನು ದುಡಿದ ಒಂದು ಕಾರ್ಖಾನೆಯಲ್ಲಿ, ಅದರ ಹೆಸರು ಇಲ್ಲಿ ಬೇಡ, ಒಂದು ಬ್ಯಾಚ್ ಸತತವಾಗಿ ಟಾರ್ಗೆಟ್ ಮುಟ್ಟುತ್ತಿತ್ತು. ಆಲ್ಟರೇಷನ್ ಕಡಿಮೆ, ರಜೆ ಕಡಿಮೆ, ಸೂಪರ್‌ವೈಸರ್ ದನಿ ಎತ್ತಬೇಕಾದ ಪ್ರಸಂಗವೇ ಕಡಿಮೆ. ಮೇಲಿನ ಮಹಡಿಯಲ್ಲಿ ಹೊಸದಾಗಿ ಬ್ಯಾಚ್‌ಗಳನ್ನು ತೆರೆದಾಗ, ಒಳ್ಳೆಯವರೆಲ್ಲ ಒಂದೇ ಕಡೆ ಏಕೆ ಇರಬೇಕು, ಅವರನ್ನು ಹಂಚಿದರೆ ಎಲ್ಲ ಬ್ಯಾಚ್‌ಗಳೂ ಮೇಲೆ ಬರುತ್ತವೆ ಎಂದು ಆಡಳಿತ ತೀರ್ಮಾನಿಸಿತು. ಒಂದು ಸೋಮವಾರ ಆ ಬ್ಯಾಚನ್ನು ಮೂರು ಪಾಲು ಮಾಡಿ ಹಂಚಲಾಯಿತು. ಕಾಗದದ ಮೇಲೆ ಆ ನಿರ್ಧಾರದಲ್ಲಿ ಯಾವ ತಪ್ಪೂ ಕಾಣುತ್ತಿರಲಿಲ್ಲ. ಆದರೆ ಆ ಟೈಲರ್‌ಗಳು ಹೋದ ಬ್ಯಾಚ್‌ಗಳು ಮೇಲೇಳಲಿಲ್ಲ. ಅವರು ಬಿಟ್ಟುಹೋದ ಬ್ಯಾಚ್ ನೆಲಕಚ್ಚಿತು. ಬಹುಕಾಲ ಮೂರೂ ಕಡೆ ಬೋರ್ಡಿನ ಮೇಲಿನ ಅಂಕಿ ಏಳಲಿಲ್ಲ. ಹಳೆಯ ಬ್ಯಾಚಿನ ಹೆಂಗಸರಲ್ಲಿ ಕೆಲವರು ಕೆಲಸ ಬಿಟ್ಟು ಹತ್ತಿರದ ಬೇರೆ ಕಾರ್ಖಾನೆಗೆ ಹೋದರು. ಹೋಗುವಾಗಲೂ ಒಬ್ಬೊಬ್ಬರಾಗಿ ಹೋಗದೆ ಜೊತೆಯಾಗಿ ಹೋದರೆಂಬುದು ಗಮನಿಸಬೇಕಾದ ಮಾತು. ಜೋಡಿಯಲ್ಲಿ ಪಳಗಿದ ಎತ್ತನ್ನು, ಒಳ್ಳೆಯ ಎತ್ತೆಂಬ ಕಾರಣಕ್ಕೆ, ಬಿಚ್ಚಿ ತಂದು ಬೇರೆ ನೊಗಕ್ಕೆ ಕಟ್ಟಿ ಅಂದೇ ಹೊಲ ಉಳಲು ಯಾವ ರೈತನೂ ಹೋಗುವುದಿಲ್ಲ. ಆ ತಿಳಿವಳಿಕೆ ಇದ್ದ ಮನೆಗಳಿಂದಲೇ ಬಂದ ನಾವು ಕಾರ್ಖಾನೆಯಲ್ಲಿ ಅದನ್ನು ಮರೆತಿದ್ದೇವೆ.

ಇಂಥ ದೊಡ್ಡ ಒಡಕು ಯಾವಾಗಲೋ ಒಮ್ಮೆ ಆಗುವುದು. ಸಣ್ಣ ಒಡಕು ದಿನವೂ ಆಗುತ್ತದೆ. ಯುಗಾದಿ, ಗೌರಿ ಗಣೇಶ, ಊರ ಜಾತ್ರೆ, ಮಗುವಿನ ಜ್ವರ, ಬಸ್ಸು ತಪ್ಪಿದ್ದು ಹೀಗೆ ಯಾವುದೋ ಕಾರಣಕ್ಕೆ ಬೆಳಗ್ಗೆ ಒಂದಷ್ಟು ಮಷಿನ್‌ಗಳು ಖಾಲಿ ಇರುತ್ತವೆ. ಆಗ ಶಿಪ್‌ಮೆಂಟ್ ಹತ್ತಿರವಿರುವ ಬ್ಯಾಚಿಗೆ ಬೇರೆ ಬ್ಯಾಚ್‌ಗಳಿಂದ ಜನರನ್ನು ಎತ್ತಿ ಹಾಕುತ್ತಾರೆ. ಎತ್ತುವಾಗ ಯಾರು ಮಾತು ಆಡದೆ ಹೋಗುತ್ತಾರೋ ಅವರನ್ನೇ ಎತ್ತುವುದು ರೂಢಿ. ದಿನವೂ ಒಂದೊಂದು ಕಡೆ ಕೂರುವ ಆ ಹೆಣ್ಣುಮಗಳಿಗೆ ಯಾವ ಬ್ಯಾಚೂ ತನ್ನದಾಗುವುದಿಲ್ಲ. ಅವಳ ಪೀಸು ಹಿಂದಿರುಗಿ ಬಂದಾಗ ಪಕ್ಕದವಳು ಸಹಾಯಕ್ಕೆ ಬರುವುದೂ ಇಲ್ಲ. ತಿಂಗಳ ಕೊನೆಯಲ್ಲಿ ಅವಳ ಎಫಿಷಿಯೆನ್ಸಿ ಕಡಿಮೆ ಎಂದು ವರದಿ ಹೇಳುತ್ತದೆ. ಆ ವರದಿಯಲ್ಲಿ ಅವಳು ಎಷ್ಟು ಜಾಗ ಬದಲಿಸಿದಳು ಎಂಬುದಕ್ಕೆ ಕಾಲಮ್ಮೇ ಇರುವುದಿಲ್ಲ. ಇದು ಅನ್ಯಾಯ. ಮನುಷ್ಯರ ದೃಷ್ಟಿಯಿಂದಲೂ ಅನ್ಯಾಯ, ಲೆಕ್ಕದ ದೃಷ್ಟಿಯಿಂದಲೂ ತಪ್ಪು.

ಇಷ್ಟನ್ನು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ನನ್ನ ಮಾತು ಅರ್ಧ ಸತ್ಯವಾಗುತ್ತದೆ. ತಂಡ ಹಳೆಯದಾದಷ್ಟೂ ಒಳ್ಳೆಯದಾಗುತ್ತಲೇ ಹೋಗುತ್ತದೆ ಎಂದೇನೂ ಇಲ್ಲ. ಒಂದೇ ಬೈಯರ್‌ಗೆ ಒಂದೇ ಬಗೆಯ ಫಾರ್ಮಲ್ ಶರ್ಟನ್ನು ವರ್ಷಗಟ್ಟಲೆ ಹೊಲಿದ ಒಂದು ಬ್ಯಾಚ್ ನನ್ನ ಕೈಕೆಳಗೆ ಇತ್ತು. ಆರ್ಡರ್ ನಿಂತು, ಕೈಯಲ್ಲಿ ಹಿಡಿದರೆ ಜಾರುವಂಥ ಬಟ್ಟೆಯ ಲೇಡೀಸ್ ಟಾಪ್ ಬಂದಾಗ, ಹೊಸಬರೇ ಹೆಚ್ಚಿದ್ದ ಪಕ್ಕದ ಬ್ಯಾಚಿಗಿಂತ ಈ ಹಳೆಯ ಬ್ಯಾಚ್ ಹಿಂದೆ ಬಿತ್ತು. ‘ನಾವು ಹೀಗೇ ಮಾಡ್ಕೊಂಡು ಬಂದಿರೋದು ಸರ್’ ಎಂಬ ಉತ್ತರ ಎಲ್ಲ ಕಡೆಯಿಂದ ಬರುತ್ತಿತ್ತು. ಬಟ್ಟೆಯ ಅಂಚು ಮಡಚಿಕೊಡುವ ಫೋಲ್ಡರನ್ನು ಮಷಿನ್ನಿಗೆ ಹಾಕಿಕೊಟ್ಟರೆ ಬಿಚ್ಚಿ ಪಕ್ಕಕ್ಕಿಡುತ್ತಿದ್ದರು. ಹೊಸದಾಗಿ ಸೇರಿದ ಹುಡುಗಿ ಮಧ್ಯಾಹ್ನದ ಊಟಕ್ಕೆ ಒಬ್ಬಳೇ ಕೂರುತ್ತಿದ್ದಳು. ಅವಳಿಗೆ ಯಾರೂ ಕೆಲಸ ಹೇಳಿಕೊಡುತ್ತಿರಲಿಲ್ಲ. ಚೆಕ್ಕರ್‌ಗೂ ಟೈಲರ್‌ಗಳಿಗೂ ಎಷ್ಟು ಸಲುಗೆ ಬೆಳೆದಿತ್ತೆಂದರೆ, ಹೊರಗಿನಿಂದ ಬಂದ ಕ್ವಾಲಿಟಿಯವರು ಹಿಡಿದು ತೋರಿಸುವವರೆಗೆ ಸಣ್ಣ ದೋಷಗಳು ದೋಷವೆಂದೇ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಅವರಲ್ಲಿ ಯಾರೂ ಸೋಮಾರಿಗಳಾಗಿರಲಿಲ್ಲ, ಯಾರ ಕೈಯೂ ಕೆಟ್ಟಿರಲಿಲ್ಲ. ತಮ್ಮೊಳಗೇ ಮಾತು ಸಾಲುತ್ತಿದ್ದುದರಿಂದ ಹೊರಗಿನ ಮಾತಿಗೆ ಕಿವಿ ಕೊಡುವ ಅಗತ್ಯ ಅವರಿಗೆ ಕಂಡಿರಲಿಲ್ಲ, ಅಷ್ಟೇ.

ಇದಕ್ಕೂ ಸಾಕ್ಷಿಯಿದೆ. ರಾಲ್ಫ್ ಕಾಟ್ಜ್ ಎಂಬ ಸಂಶೋಧಕರು ಅಮೆರಿಕದ ದೊಡ್ಡ ಕಂಪನಿಯೊಂದರ ಸಂಶೋಧನಾ ವಿಭಾಗದಲ್ಲಿದ್ದ 50 ತಂಡಗಳನ್ನು ಅಭ್ಯಸಿಸಿ 1982ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಸದಸ್ಯರು ಕೂಡಿಕೊಂಡ ಆರಂಭದ ವರ್ಷಗಳಲ್ಲಿ ಕೆಲಸದ ಮಟ್ಟ ಏರುತ್ತದೆ, ಕೆಲವು ಕಾಲ ಮೇಲೆಯೇ ನಿಲ್ಲುತ್ತದೆ, ಸರಾಸರಿ ಐದು ವರ್ಷ ದಾಟಿದ ತಂಡಗಳಲ್ಲಿ ಎದ್ದು ಕಾಣುವಂತೆ ಇಳಿಯುತ್ತದೆ. ಇಳಿದದ್ದೇಕೆ ಎಂದು ನೋಡಿದರೆ, ಆ ತಂಡಗಳವರು ಹೊರಗಿನವರೊಡನೆ, ಬೇರೆ ವಿಭಾಗದವರೊಡನೆ, ತಮ್ಮೊಳಗೂ ಕೆಲಸದ ಬಗ್ಗೆ ಮಾತನಾಡುವುದನ್ನು ಕಡಿಮೆ ಮಾಡಿದ್ದರು. ಐದು ವರ್ಷ ಎಂಬುದು ಪ್ರಯೋಗಾಲಯದ ವಿಜ್ಞಾನಿಗಳ ಲೆಕ್ಕ. ಹೊಲಿಗೆಯ ಬ್ಯಾಚಿಗೂ ತಾಲ್ಲೂಕು ಕಚೇರಿಗೂ ಅದೇ ಅವಧಿಯೆಂದು ನಾನು ಹೇಳುವುದಿಲ್ಲ. ಏರಿಕೆ, ನಿಲುಗಡೆ, ಇಳಿತ ಎಂಬ ಮೂರು ಘಟ್ಟಗಳನ್ನು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ವರದಿಗಳಲ್ಲಿ ಇವು ಮೂರೂ ಬೆರೆತುಹೋಗಿರುವುದರಿಂದ, ಏರುತ್ತಿರುವ ತಂಡವನ್ನು ಕೆಟ್ಟ ತಂಡವೆಂದು ಒಡೆಯುತ್ತೇವೆ. ಇಳಿಯುತ್ತಿರುವ ತಂಡವನ್ನು ಹಳೆಯ ಹೆಸರಿನ ಮೇಲೆ ಹಾಗೆಯೇ ಬಿಡುತ್ತೇವೆ.

ತಂಡವೊಂದರ ಆಯಸ್ಸನ್ನು ದೀರ್ಘಕಾಲ ಗಮನಿಸಿದ ದಾಖಲೆಗಳಲ್ಲಿ ಅತ್ಯುತ್ತಮವಾದುದೊಂದು ನಮ್ಮ ದೇಶದ್ದೇ, ನಮ್ಮ ಜವಳಿ ಉದ್ಯಮದ್ದೇ. ಅದು ಇಂದಿನ ಜವಳಿ ಮಂದಿಗೆ ಗೊತ್ತಿಲ್ಲದಿರುವುದು ವಿಷಾದದ ಸಂಗತಿ. ಅಹಮದಾಬಾದಿನಲ್ಲಿ ಸಾರಾಭಾಯಿ ಕುಟುಂಬದ ಕ್ಯಾಲಿಕೊ ಮಿಲ್‌ನಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ಕೂರಿಸಿದ್ದರೂ ನಿರೀಕ್ಷಿಸಿದ ಉತ್ಪಾದನೆ ಬರುತ್ತಿರಲಿಲ್ಲ. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಎಂಬ ಸಂಶೋಧನಾ ಸಂಸ್ಥೆಯ ಎ.ಕೆ. ರೈಸ್ ಅಲ್ಲಿಗೆ ಬಂದು ನೋಡಿದಾಗ, ನೇಯುವವರು, ಬಾಬಿನ್ ತುಂಬುವವರು, ಕಡಿದ ಎಳೆ ಕೂಡಿಸುವವರು, ಎಣ್ಣೆ ಹಾಕುವವರು, ಗುಡಿಸುವವರು ಎಂದು ಹನ್ನೆರಡು ಬಗೆಯ ಕೆಲಸಗಾರರಿದ್ದರು. ಒಬ್ಬೊಬ್ಬರಿಗೂ ಬೇರೆ ಬೇರೆ ಸಂಖ್ಯೆಯ ಮಗ್ಗಗಳ ಹೊಣೆಯಿದ್ದುದರಿಂದ ಯಾರ ಜೊತೆ ಯಾರು ಎಂಬುದೇ ಸ್ಥಿರವಾಗಿರಲಿಲ್ಲ. ನೇಯುವವನಿಗೆ ಒಂದು ಗಂಟೆ ಒಬ್ಬ ಸಹಾಯಕ, ಇನ್ನೊಂದು ಗಂಟೆ ಇನ್ನೊಬ್ಬ. ಗೊತ್ತಾದ ಕೆಲವು ಮಗ್ಗಗಳಿಗೆ ಗೊತ್ತಾದ ಒಂದು ಸಣ್ಣ ಗುಂಪು ಎಂಬ ವ್ಯವಸ್ಥೆಯನ್ನು ರೈಸ್ ಸೂಚಿಸಿದಾಗ, ಕೆಲಸಗಾರರೂ ಸೂಪರ್‌ವೈಸರ್‌ಗಳೂ ಅದನ್ನು ತಮ್ಮದಾಗಿಸಿಕೊಂಡು ತಾವೇ ಗುಂಪು ಕಟ್ಟಿಕೊಂಡರು. ಹೊಸ ವ್ಯವಸ್ಥೆ ನೆಲೆಗೊಂಡ ಮೇಲೆ ಮಗ್ಗಗಳ ದಕ್ಷತೆ ಶೇ 80ರ ಸುಮಾರಿನಿಂದ ಶೇ 95ಕ್ಕೆ ಏರಿತು. ಹಾಳಾಗುವ ಬಟ್ಟೆಯ ಪ್ರಮಾಣ ಶೇ 32ರ ಸುಮಾರಿನಿಂದ ಶೇ 20ಕ್ಕೆ ಇಳಿಯಿತು. ಮಗ್ಗಗಳು ಅವೇ, ಜನರೂ ಅವರೇ.

ಆ ಕಥೆಯ ಹೆಚ್ಚು ಮಹತ್ವದ ಭಾಗ ಆಮೇಲಿನದು. ರೈಸ್ ಅವರ ಸಹೋದ್ಯೋಗಿ ಎರಿಕ್ ಮಿಲ್ಲರ್ 1970ರಲ್ಲಿ ಅದೇ ಮಿಲ್ಲಿಗೆ ಹೋಗಿ, ಗುಂಪುಗಳು ಏನಾದವೆಂದು ಪರಿಶೀಲಿಸಿದರು. ಒಂದು ಶೆಡ್‌ನಲ್ಲಿ ಗುಂಪಿನ ವ್ಯವಸ್ಥೆ ಅಷ್ಟು ವರ್ಷಗಳ ನಂತರವೂ ಬಹುತೇಕ ಹಾಗೆಯೇ ಉಳಿದು, ಕೆಲಸದ ಮಟ್ಟವೂ ಉಳಿದಿತ್ತು. ಬೇರೆ ಶೆಡ್‌ಗಳಲ್ಲಿ ಅದು ಸವೆದು, ಹಳೆಯ ಪದ್ಧತಿಯೇ ಮರಳಿ ಬಂದಿತ್ತು. ಹೊರಗಿನ ಬದಲಾವಣೆಗಳ ಒತ್ತಡ ಹೆಚ್ಚಿದ ಕಡೆ, ಆ ಒತ್ತಡ ಗುಂಪಿನೊಳಕ್ಕೆ ನೇರವಾಗಿ ನುಗ್ಗದಂತೆ ಕಾಯುವವರು ಇಲ್ಲದಿದ್ದಾಗ, ಗುಂಪು ಮುರಿದಿತ್ತು. ಯಾರೂ ಒಂದು ದಿನ ಆದೇಶ ಹೊರಡಿಸಿ ಅದನ್ನು ರದ್ದು ಮಾಡಬೇಕಾಗಿರಲಿಲ್ಲ. ನಮ್ಮ ಬ್ಯಾಚ್‌ಗಳಿಗೂ ಇದೇ ಆಗುತ್ತದೆ. ಶಿಪ್‌ಮೆಂಟ್‌ನ ಒತ್ತಡ ಬೈಯರ್‌ನಿಂದ ಮ್ಯಾನೇಜರ್‌ಗೆ, ಮ್ಯಾನೇಜರ್‌ನಿಂದ ಫ್ಲೋರ್ ಇನ್‌ಚಾರ್ಜ್‌ಗೆ ಬಂದು, ಅಲ್ಲಿ ಯಾರೂ ತಡೆದು ಹದ ಮಾಡದೆ ಹಾಗೆಯೇ ಮಷಿನ್ ಮುಂದೆ ಕೂತವಳ ತಲೆಯ ಮೇಲೆ ಬೈಗುಳವಾಗಿ ಬಿದ್ದರೆ, ಎಷ್ಟೇ ಪಳಗಿದ ತಂಡವಾಗಲಿ ತಿಂಗಳೊಪ್ಪತ್ತಿನಲ್ಲಿ ಚೆದುರಿಹೋಗುತ್ತದೆ. ಬೈಯದೆ, ಜನರನ್ನು ಕಾಪಾಡಿಕೊಂಡು ಕೆಲಸ ತೆಗೆಯುವ ಸೂಪರ್‌ವೈಸರ್‌ಗಳನ್ನು ‘ಮೆತ್ತಗಿದ್ದಾರೆ’ ಎಂದು ಹಿಂದಕ್ಕೆ ಸರಿಸುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹಾಗಾದರೆ ಆಗಬೇಕಾದದ್ದೇನು ಎಂಬ ಬಗ್ಗೆ ನನ್ನ ಅನುಭವದ ಮಟ್ಟಿಗೆ ಕೆಲವು ಮಾತು ಹೇಳುತ್ತೇನೆ. ಬ್ಯಾಚಿನ ನಡುಗಂಬದಂತಿರುವ ಕೆಲವರನ್ನು, ಅಂದರೆ ಕಾಲರ್, ಕಫ್, ಸ್ಲೀವ್‌ನಂಥ ಕಷ್ಟದ ಆಪರೇಷನ್‌ಗಳವರನ್ನು ಮತ್ತು ಅವರ ಅಕ್ಕಪಕ್ಕದವರನ್ನು, ಬೇರೆ ಬ್ಯಾಚಿಗೆ ಎತ್ತಿಹಾಕಬಾರದು ಎಂಬ ನಿಯಮವನ್ನು ಕಾರ್ಖಾನೆಯೇ ಮಾಡಿಕೊಳ್ಳಬೇಕು. ಗೈರುಹಾಜರಿಯ ಸಲುವಾಗಿ, ಹಲವು ಆಪರೇಷನ್ ಬಲ್ಲ ಕೆಲವು ಟೈಲರ್‌ಗಳನ್ನು ಪ್ರತ್ಯೇಕವಾಗಿ ಇಟ್ಟುಕೊಂಡು, ಅವರನ್ನು ಎರಡು ಮೂರು ಗೊತ್ತಾದ ಬ್ಯಾಚ್‌ಗಳಿಗೆ ಮಾತ್ರ ಕಳುಹಿಸಿದರೆ ಅಲ್ಲಿನವರಿಗೆ ಅವರೂ ಪರಿಚಿತರಾಗಿರುತ್ತಾರೆ. ಹಳೆಯ ಬ್ಯಾಚ್ ಜಡವಾಗದಂತೆ ಹೊಸಬರನ್ನು ಸೇರಿಸುವುದು ಅಗತ್ಯ. ಆದರೆ ಒಬ್ಬರನ್ನೋ ಇಬ್ಬರನ್ನೋ ಒಂದು ಸಲಕ್ಕೆ ಸೇರಿಸಿ, ಇಬ್ಬರು ನುರಿತವರ ನಡುವೆ ಕೂರಿಸಿ, ಅವರು ಹೊಂದಿಕೊಂಡ ಮೇಲೆ ಇನ್ನೊಬ್ಬರನ್ನು ತರಬೇಕು. ಹೊಸ ಬ್ಯಾಚ್ ತೆರೆಯಬೇಕಾದರೆ ಹಳೆಯ ಬ್ಯಾಚಿನಿಂದ ಬಿಡಿಬಿಡಿಯಾಗಿ ಜನರನ್ನು ಕೀಳುವ ಬದಲು, ಕೂಡಿ ಕೆಲಸ ಮಾಡಿದ ಒಂದು ಸೆಕ್ಷನ್ ಅನ್ನೇ, ಅವರ ಒಪ್ಪಿಗೆ ಪಡೆದು, ಹಾಗೆಯೇ ಕಳುಹಿಸಬಹುದು. ಒಂದು ಸಲ ನಾನು ಇದನ್ನು ಮಾಡಿಸಿದಾಗ ಹೊಸ ಬ್ಯಾಚ್ ಬೇಗ ಕಾಲೂರಿತು.

ಸರ್ಕಾರದ ಪಾಲೂ ಇದರಲ್ಲಿದೆ. ಕೇಂದ್ರ ಜವಳಿ ಸಚಿವಾಲಯದ ಸಮರ್ಥ್ ಯೋಜನೆಯಂಥ ತರಬೇತಿ ಕಾರ್ಯಕ್ರಮಗಳಲ್ಲಿ ತರಬೇತಿ ಪಡೆದವರ ತಲೆ ಎಣಿಸಲಾಗುತ್ತದೆ. ರಾಜ್ಯದ ಜವಳಿ ನೀತಿಗಳ ಅಡಿಯಲ್ಲಿ ಬಂಡವಾಳಕ್ಕೆ, ಬಡ್ಡಿಗೆ, ವಿದ್ಯುತ್ತಿಗೆ ಸಹಾಯಧನ ನೀಡಲಾಗುತ್ತದೆ. ಎಷ್ಟು ಜನರಿಗೆ ಕೆಲಸ ಕೊಟ್ಟರು ಎಂದು ಕೇಳುವ ಸರ್ಕಾರ, ಆ ಜನ ಎಷ್ಟು ಕಾಲ ಉಳಿದರು ಎಂದೂ ಕೇಳಬೇಕು. ಉಳಿಸಿಕೊಂಡವರಿಗೆ ಸಹಾಯಧನದಲ್ಲಿ ಹೆಚ್ಚಿನ ಪಾಲು ಕೊಡುವ ವ್ಯವಸ್ಥೆಯಾದರೆ ಮಾಲೀಕರ ಲೆಕ್ಕಾಚಾರವೇ ಬದಲಾಗುತ್ತದೆ. ಹೆಣ್ಣುಮಕ್ಕಳು ಕೆಲಸ ಬಿಡುವುದೇಕೆ ಎಂಬುದೇನೂ ಗುಟ್ಟಲ್ಲ. ಮಗುವನ್ನು ನೋಡಿಕೊಳ್ಳುವವರಿಲ್ಲ, ಸಂಬಳ ಬಾಡಿಗೆಗೆ ಸಾಲದು, ಬೈಗುಳ ತಡೆಯಲಾಗದು. 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಡೆ ಶಿಶುಪಾಲನಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ, 1976ರ ತಿದ್ದುಪಡಿಯ ನಂತರ, ವಿಧಿಸಿತ್ತು. ಆದರೂ ಆಡಿಟ್ ಬಂದ ದಿನ ಮಾತ್ರ ಬಾಗಿಲು ತೆರೆಯುವ ಕೊಠಡಿಗಳನ್ನು ನಾನು ಕಂಡಿದ್ದೇನೆ. ಮಗುವಿನ ಚಿಂತೆಯಿಂದ ಒಬ್ಬ ತಾಯಿ ಕೆಲಸ ಬಿಟ್ಟರೆ ಕಾರ್ಖಾನೆ ಕಳೆದುಕೊಳ್ಳುವುದು ಒಬ್ಬ ಟೈಲರನ್ನು ಮಾತ್ರವಲ್ಲ; ಅವಳ ಎಡಬಲದ ಇಬ್ಬರ ಕೈಯ ವೇಗವನ್ನೂ ಕಳೆದುಕೊಳ್ಳುತ್ತದೆ. ಒಬ್ಬರು ಬಿಟ್ಟುಹೋಗುವುದರ ನಷ್ಟವನ್ನು ಲೆಕ್ಕ ಹಾಕುವಾಗ ಈ ಎರಡನೆಯ ಭಾಗವನ್ನೂ ಸೇರಿಸಿದರೆ, ಶಿಶುಪಾಲನಾ ಕೊಠಡಿಗೆ ಒಬ್ಬ ಆಯಾಳನ್ನು ನೇಮಿಸುವ ಖರ್ಚು ದೊಡ್ಡದೆಂದು ಯಾವ ಮ್ಯಾನೇಜರೂ ಹೇಳಲಾರರು.

ಸರ್ಕಾರಿ ಕಚೇರಿಗಳ ಬಗ್ಗೆ ಹೇಳಲು ನನಗೆ ಅಧಿಕಾರವಿಲ್ಲ. ಆದರೂ ಒಬ್ಬ ನಾಗರಿಕನಾಗಿ ಒಂದು ಮಾತು. ಅಧಿಕಾರಿಗಳಿಗೆ ಒಂದು ಹುದ್ದೆಯಲ್ಲಿ ಕನಿಷ್ಠ ಅವಧಿ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯ 2013ರ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಹೇಳಿತು. ವರ್ಗಾವಣೆಯ ಕಾಲ ಬಂದಾಗ ಒಬ್ಬೊಬ್ಬರ ಅವಧಿಯನ್ನು ನೋಡುವುದರ ಜೊತೆಗೆ, ಒಂದೇ ಕಚೇರಿಯ ಅಥವಾ ಒಂದೇ ಆರೋಗ್ಯ ಕೇಂದ್ರದ ಎಲ್ಲ ಅನುಭವಿಗಳೂ ಒಂದೇ ತಿಂಗಳಲ್ಲಿ ಖಾಲಿಯಾಗುತ್ತಿದ್ದಾರೆಯೇ ಎಂಬುದನ್ನೂ ನೋಡಬೇಕು. ಅರ್ಧದಷ್ಟು ಜನರನ್ನು ಈ ವರ್ಷ, ಉಳಿದವರನ್ನು ಮುಂದಿನ ವರ್ಷ ಎಂದು ಹಂಚುವುದಕ್ಕೆ ಖಜಾನೆಯಿಂದ ಒಂದು ರೂಪಾಯಿಯೂ ಬೇಕಾಗಿಲ್ಲ.

ಕೊನೆಯದಾಗಿ, ಬೆಂಗಳೂರು, ರಾಮನಗರ, ಮಂಡ್ಯ, ಹಾಸನದ ಕಡೆ ಇಂದು ಕಾರ್ಖಾನೆ ನಡೆಸುತ್ತಿರುವ ಕಿರಿಯ ಮ್ಯಾನೇಜರ್‌ಗಳಲ್ಲಿ ನನ್ನದೊಂದು ವಿನಂತಿ. ಬ್ಯಾಚಿನ ಬೋರ್ಡಿನ ಮೇಲೆ ಟಾರ್ಗೆಟ್, ಪ್ರೊಡಕ್ಷನ್, ಆಲ್ಟರೇಷನ್ ಎಂಬ ಅಂಕಣಗಳ ಪಕ್ಕದಲ್ಲಿ ಇನ್ನೊಂದು ಅಂಕಣ ಸೇರಿಸಿ, ಇಂದು ಕೂತವರಲ್ಲಿ ಎಷ್ಟು ಜನ ಮೂರು ತಿಂಗಳ ಹಿಂದೆಯೂ ಇದೇ ಬ್ಯಾಚಿನಲ್ಲಿ ಇದ್ದರು ಎಂಬುದನ್ನು ಪ್ರತಿದಿನ ಬರೆಯಿರಿ. ಒಂದು ಸೀಸನ್ ಪೂರ್ತಿ ಹಾಗೆ ಬರೆದ ಮೇಲೆ ಆ ಅಂಕಣವನ್ನೂ ಪ್ರೊಡಕ್ಷನ್ ಅಂಕಣವನ್ನೂ ಒಟ್ಟಿಗೆ ಇಟ್ಟು ನೋಡಿ, ಆಮೇಲೆ ಯಾವ ಬ್ಯಾಚನ್ನು ಒಡೆಯಬೇಕೆಂದು ತೀರ್ಮಾನಿಸಿ.

ಇಂತಿ ತಮ್ಮ ವಿಶ್ವಾಸಿ,
ಸಿದ್ಧ ಉಡುಪು ಉದ್ಯಮದ ಒಬ್ಬ ನಿವೃತ್ತ ಪ್ರೊಡಕ್ಷನ್ ಮ್ಯಾನೇಜರ್,
ಪೀಣ್ಯ, ಬೆಂಗಳೂರು